ಬೀಗದ ಕಸುಬಿನವನ ಮಗನೂ ವಿದ್ಯುತ್ತಿನ ಲೆಕ್ಕವೂ

ಆಷಾಢದ ಒಂದು ಮುಂಜಾವು. ಹೊರಗೆ ಜಿಟಿಜಿಟಿ ಮಳೆ. ಮನೆಯ ಹಿರಿಯ ಜೀವ, ಎಂದಿನಂತೆ ಎಲ್ಲರಿಗಿಂತ ಮೊದಲೆದ್ದ ಅಜ್ಜಿ, ಸ್ನಾನಕ್ಕೆಂದು ಗೀಸರಿನ ಸ್ವಿಚ್ಚು ಹಾಕಿ ಹೂ ಬಿಡಿಸಲು ಹೋಗಿದ್ದಾರೆ. ಹತ್ತು ನಿಮಿಷದಲ್ಲಿ ಏನೋ ಸುಟ್ಟ ವಾಸನೆ. ಹಾಲು ಉಕ್ಕಿತೆಂದು ಸೊಸೆ ಅಡಿಗೆಮನೆಗೆ ಓಡುತ್ತಾಳೆ. ಅಲ್ಲಿ ಏನೂ ಇಲ್ಲ. ವಾಸನೆ ಬರುತ್ತಿರುವುದು ಬಚ್ಚಲುಮನೆಯ ಪಕ್ಕದ ಗೋಡೆಯಿಂದ. ಬೆಳ್ಳಗಿದ್ದ ಪ್ಲಗ್ಗಿನ ಒಂದು ಮೂಲೆ ಸುಟ್ಟ ಹಪ್ಪಳದ ಬಣ್ಣಕ್ಕೆ ತಿರುಗಿದೆ. ಮುಟ್ಟಿದರೆ ಬಿಸಿ.

“ಕರೆಂಟು ಜಾಸ್ತಿ ಬಂದಿರಬೇಕು,” ಎನ್ನುತ್ತಾರೆ ಮನೆಯ ಯಜಮಾನರು.

“ಜಾಸ್ತಿ ಬಂದಿದ್ದರೆ ಫ್ಯೂಸು ಹೋಗಬೇಕಾಗಿತ್ತಲ್ಲಪ್ಪ?” ಎಂದು ಕೇಳುತ್ತಾಳೆ ಹತ್ತನೆಯ ತರಗತಿಯ ಮಗಳು.

ತಂದೆಯ ಬಳಿ ಇದಕ್ಕೆ ಉತ್ತರವಿಲ್ಲ. ಈ ಮನೆ ಬೆಂಗಳೂರಿನದೆಂದು ಇಟ್ಟುಕೊಳ್ಳಬಹುದು, ಮೈಸೂರಿನದೆಂದರೂ ತಪ್ಪಿಲ್ಲ. ಇಂಥ ಮುಂಜಾವು, ಇಂಥ ಪ್ರಶ್ನೆ ಯಾವ ಊರಿಗೂ ಹೊಸದಲ್ಲ. ಉತ್ತರ ಮಾತ್ರ ಎರಡು ಶತಮಾನದಷ್ಟು ಹಳೆಯದು. ಜರ್ಮನಿಯ ಕೊಲೋನ್ ನಗರದ ಒಬ್ಬ ಶಾಲಾಮಾಸ್ತರರು ಅದನ್ನು 1826ರಲ್ಲಿ ಕಂಡುಕೊಂಡರು; ಕಂಡುಕೊಂಡದ್ದಕ್ಕಾಗಿ ಸಾಕಷ್ಟು ನೊಂದರು.

ತಂದೆಯ ಮುನಿಸು

ಗಿಯೋರ್ಗ್ ಸೈಮನ್ ಓಮ್ ಹುಟ್ಟಿದ್ದು 1789ರ ಮಾರ್ಚ್ 16ರಂದು, ಎರ್ಲಾಂಗೆನ್ ಎಂಬ ಊರಿನಲ್ಲಿ. ತಂದೆ ಬೀಗ ಮಾಡುವ ಕಸುಬಿನವನು. ಶಾಲೆಯ ವಿದ್ಯೆ ಹೆಚ್ಚಿಲ್ಲದಿದ್ದರೂ ಸ್ವಂತ ಶ್ರಮದಿಂದ ಗಣಿತ, ವಿಜ್ಞಾನಗಳನ್ನು ಓದಿಕೊಂಡಿದ್ದವನು. ಗಿಯೋರ್ಗನಿಗೆ ಹತ್ತು ವರ್ಷವಾದಾಗ ತಾಯಿ ತೀರಿಕೊಂಡಳು. ತಂದೆ ತಾನೇ ಕುಳಿತು ಗಂಡುಮಕ್ಕಳಿಬ್ಬರಿಗೂ ಪಾಠ ಹೇಳಿದನು. ತಮ್ಮ ಮಾರ್ಟಿನ್ ಮುಂದೆ ಗಣಿತಜ್ಞನೆಂದು ಹೆಸರಾದನು.

ಗಿಯೋರ್ಗ್ 1805ರಲ್ಲಿ ಊರಿನ ವಿಶ್ವವಿದ್ಯಾನಿಲಯಕ್ಕೆ ಸೇರಿದನು. ಹದಿನಾರರ ಹುಡುಗ. ಪುಸ್ತಕಕ್ಕಿಂತ ನೃತ್ಯ, ಬಿಲಿಯರ್ಡ್ಸ್, ಮಂಜುಗಡ್ಡೆಯ ಮೇಲೆ ಜಾರುವ ಆಟ ಇವುಗಳಲ್ಲಿಯೇ ಮನಸ್ಸು. ತಾನು ಪಡೆಯಲಾಗದ ಭಾಗ್ಯವನ್ನು ಮಗ ಹೀಗೆ ಚೆಲ್ಲುತ್ತಿರುವುದನ್ನು ಕಂಡ ತಂದೆ ಕೆರಳಿದನು. ಮೂರು ಅವಧಿಗಳು ಮುಗಿಯುವಷ್ಟರಲ್ಲಿ ಮಗನ ಓದು ನಿಂತಿತು. ಸ್ವಿಟ್ಜರ್ಲೆಂಡಿನ ಒಂದು ಶಾಲೆಯಲ್ಲಿ ಲೆಕ್ಕದ ಮೇಷ್ಟರಾಗಿ ಹುಡುಗ ಹೊಟ್ಟೆ ಹೊರೆಯಬೇಕಾಯಿತು. ಅಲ್ಲಿ ಬುದ್ಧಿ ಕಲಿತನೆನ್ನಬೇಕು. ಪಾಠ ಹೇಳುತ್ತಲೇ ಸ್ವತಃ ಓದಿ 1811ರಲ್ಲಿ ಎರ್ಲಾಂಗೆನ್ನಿಗೆ ಮರಳಿ ಡಾಕ್ಟರ್ ಪದವಿ ಪಡೆದನು. ಪದವಿ ಬಂದರೂ ಸಿಕ್ಕಿದ್ದು ಮತ್ತೆ ಶಾಲೆಯ ಕೆಲಸವೇ. ಅಲ್ಲೊಂದಷ್ಟು, ಇಲ್ಲೊಂದಷ್ಟು ಕಾಲ ಕಳೆದು 1817ರಲ್ಲಿ ಕೊಲೋನಿನ ಶಾಲೆಗೆ ಬಂದನು. ಆ ಶಾಲೆಯಲ್ಲಿ ಪ್ರಯೋಗದ ಸಾಮಗ್ರಿ ಚೆನ್ನಾಗಿತ್ತು. ಲೋಹವನ್ನು ಹದಮಾಡುವ, ಅರದಿಂದ ಉಜ್ಜುವ, ಸೂಕ್ಷ್ಮವಾಗಿ ಜೋಡಿಸುವ ಕೈಚಳಕ ತಂದೆಯಿಂದ ಬಂದಿತ್ತು. ಇವೆರಡೂ ಕೂಡಿದ್ದು ಲೋಕದ ಪುಣ್ಯ.

ಕುದಿಯುವ ನೀರು, ಕರಗುವ ಹಿಮ

ಆಗ ವಿದ್ಯುತ್ತೆಂದರೆ ಒಂದು ಕೌತುಕ. ಇಟಲಿಯ ವೋಲ್ಟಾ 1800ರಲ್ಲಿ ತನ್ನ ಬ್ಯಾಟರಿಯನ್ನು ಲೋಕಕ್ಕೆ ತೋರಿಸಿದ್ದನು. ತಂತಿಯಲ್ಲಿ ಪ್ರವಾಹ ಹರಿದರೆ ಪಕ್ಕದ ಅಯಸ್ಕಾಂತದ ಮುಳ್ಳು ಹೊರಳುತ್ತದೆಂಬುದು 1820ರಲ್ಲಿ ತಿಳಿದಿತ್ತು. ಆದರೆ ಎಷ್ಟು ಉದ್ದದ ತಂತಿಗೆ ಎಷ್ಟು ಪ್ರವಾಹ? ಈ ‘ಎಷ್ಟು’ ಎಂಬ ಪ್ರಶ್ನೆಗೆ ನೆಚ್ಚುವಂಥ ಉತ್ತರ ಹೊರಬಿದ್ದಿರಲಿಲ್ಲ.

ಓಮ್ ಮೊದಲು ಬ್ಯಾಟರಿಯನ್ನೇ ಇಟ್ಟುಕೊಂಡು ಅಳೆದನು. ತಂತಿ ಜೋಡಿಸಿದ ಕ್ಷಣ ಒಂದು ಅಳತೆ, ಮರುಕ್ಷಣ ಇನ್ನೊಂದು. ಆ ಕಾಲದ ಬ್ಯಾಟರಿಯ ಬಲ ಹರಿಯತೊಡಗಿದೊಡನೆ ಇಳಿಯುತ್ತಿತ್ತು. ತಕ್ಕಡಿಯ ಬಟ್ಟೇ ಕರಗುತ್ತಿದ್ದರೆ ತೂಕ ಹೇಗೆ ನಿಂತೀತು? ಆ ಅಳತೆಗಳ ಆಧಾರದ ಮೇಲೆ 1825ರಲ್ಲಿ ಅವನು ಪ್ರಕಟಿಸಿದ ಸೂತ್ರ ತಪ್ಪಾಗಿತ್ತು. ಭೌತವಿಜ್ಞಾನದ ಪ್ರಸಿದ್ಧ ಪತ್ರಿಕೆಯೊಂದರ ಸಂಪಾದಕನಾಗಿದ್ದ ಪೋಗೆಂಡಾರ್ಫ್ ಆಗ ಅವನಿಗೊಂದು ಸಲಹೆ ಕೊಟ್ಟನು: ಬ್ಯಾಟರಿಯನ್ನು ಬಿಟ್ಟು ಶಾಖದಿಂದ ಹುಟ್ಟುವ ವಿದ್ಯುತ್ತನ್ನು ಬಳಸಬಾರದೇಕೆ?

ಎರಡು ಬೇರೆ ಬೇರೆ ಲೋಹಗಳನ್ನು ಎರಡು ಕಡೆ ಬೆಸೆದು, ಒಂದು ಬೆಸುಗೆಯನ್ನು ಬಿಸಿಯಾಗಿಯೂ ಇನ್ನೊಂದನ್ನು ತಣ್ಣಗೂ ಇಟ್ಟರೆ ಸಣ್ಣದೊಂದು ವಿದ್ಯುತ್ಪ್ರವಾಹ ಹುಟ್ಟುತ್ತದೆ. ಸೀಬೆಕ್ ಎಂಬವನು 1821ರಲ್ಲಿ ಇದನ್ನು ಕಂಡಿದ್ದನು. ಓಮ್ ತಾಮ್ರವನ್ನೂ ಬಿಸ್ಮತ್ತನ್ನೂ ಜೋಡಿಸಿ ಒಂದು ಬೆಸುಗೆಯನ್ನು ಕುದಿಯುವ ನೀರಿನಿಂದ ಬಿಸಿಯಾಗಿಟ್ಟನು, ಇನ್ನೊಂದನ್ನು ಕರಗುವ ಹಿಮದಿಂದ ತಣ್ಣಗಿಟ್ಟನು. ನೀರು ಕುದಿಯುತ್ತಿರುವವರೆಗೂ ಅದರ ಶಾಖ ಏರದು. ಹಿಮ ಕರಗುತ್ತಿರುವವರೆಗೂ ಅದರ ತಂಪು ಇಳಿಯದು. ನಡುವಿನ ವ್ಯತ್ಯಾಸ ಸದಾ ಒಂದೇ. ಆದ್ದರಿಂದ ವಿದ್ಯುತ್ತಿನ ಒತ್ತಡವೂ ಸದಾ ಒಂದೇ. ಅಡಿಗೆಮನೆಯಲ್ಲಿ ದಿನವೂ ಕಾಣುವ ಸಂಗತಿಯಿಂದ ಅಲುಗದ ತಕ್ಕಡಿಯನ್ನು ಮಾಡಿಕೊಂಡ ಈ ಜಾಣ್ಮೆಗೆ ತಲೆದೂಗಲೇಬೇಕು.

ಒಂದೇ ದಪ್ಪದ ಎಂಟು ತಾಮ್ರದ ತಂತಿಗಳನ್ನು ತೆಗೆದುಕೊಂಡನು. ಉದ್ದ 2, 4, 6, 10, 18, 34, 66 ಮತ್ತು 130 ಅಂಗುಲ. ಒಂದೊಂದನ್ನೇ ಜೋಡಿಸಿ, ತೂಗುಹಾಕಿದ ಅಯಸ್ಕಾಂತದ ಮುಳ್ಳು ಎಷ್ಟು ಹೊರಳುವುದೆಂದು ಗುರುತು ಹಾಕಿಕೊಂಡನು. ಅಂಕಿಗಳೆಲ್ಲ ಒಂದು ಸರಳ ಭಾಗಾಹಾರದೊಳಗೆ ಅಚ್ಚುಕಟ್ಟಾಗಿ ಕುಳಿತವು. ಮೇಲೆ ಒತ್ತಡದ ಸಂಖ್ಯೆ; ಕೆಳಗೆ ತಂತಿಯ ಉದ್ದ ಮತ್ತು ಮಂಡಲದ ಉಳಿದ ಭಾಗದ ತಡೆಗೆ ಸಲ್ಲುವ ಒಂದು ಸ್ಥಿರಾಂಕ, ಇವೆರಡರ ಮೊತ್ತ. ಭಾಗಿಸಿದರೆ ಬರುವುದೇ ಪ್ರವಾಹ. ತಂತಿ ಉದ್ದವಾದಷ್ಟೂ ತಡೆ ಹೆಚ್ಚು. ತಡೆ ಹೆಚ್ಚಿದಷ್ಟೂ ಪ್ರವಾಹ ಕಡಿಮೆ.

ಹಳ್ಳಿಯ ಕಡೆಯವರಿಗೆ ಇದನ್ನು ಕೆರೆಯ ತೂಬಿನ ಮೂಲಕ ಹೇಳಬಹುದು. ಕೆರೆಯಲ್ಲಿ ನೀರು ಎತ್ತರಕ್ಕೆ ನಿಂತಷ್ಟೂ ತೂಬಿನಿಂದ ಹೊರಬೀಳುವ ರಭಸ ಹೆಚ್ಚು. ಆ ಎತ್ತರವೇ ವೋಲ್ಟ್. ಕಾಲುವೆಯಲ್ಲಿ ಕ್ಷಣಕ್ಕೆ ಎಷ್ಟು ನೀರು ಹರಿಯಿತೆಂಬುದು ಆಂಪಿಯರ್. ಕಾಲುವೆ ಕಿರಿದಾಗಿ, ಹೂಳು ತುಂಬಿ, ಉದ್ದುದ್ದವಾಗಿ ಎಳೆದಿದ್ದರೆ ನೀರಿಗೆ ಒದಗುವ ಅಡ್ಡಿಯೇ ರೋಧ. ಅದರ ಅಳತೆ ಓಮ್.

ಮನ್ನಣೆ ಬಾರದ ಪುಸ್ತಕ

ಅರ್ಧ ಸಂಬಳದ ರಜೆ ಪಡೆದು ಓಮ್ ಬರ್ಲಿನ್ನಿಗೆ ಹೋದನು, ತಮ್ಮ ಅಲ್ಲಿದ್ದನು. ಪ್ರಯೋಗದ ಫಲವನ್ನೆಲ್ಲ ಗಣಿತದ ಚೌಕಟ್ಟಿಗೆ ಹೊಂದಿಸಿ 1827ರಲ್ಲಿ ಪುಸ್ತಕವೊಂದನ್ನು ಹೊರತಂದನು. ವಿಶ್ವವಿದ್ಯಾನಿಲಯವೊಂದರಲ್ಲಿ ಪ್ರಾಧ್ಯಾಪಕನ ಪೀಠ ಸಿಕ್ಕೀತೆಂಬ ಆಸೆ ಇತ್ತು. ಆದದ್ದು ಬೇರೆ. ಜರ್ಮನಿಯ ವಿದ್ವಾಂಸರಲ್ಲಿ ಹಲವರಿಗೆ ಪ್ರಕೃತಿಯ ರಹಸ್ಯವನ್ನು ಹೀಗೆ ಭಾಗಾಹಾರ ಗುಣಾಕಾರಗಳಿಗೆ ಇಳಿಸುವುದೇ ಒಪ್ಪಿಗೆಯಾಗಲಿಲ್ಲ. ಒಬ್ಬ ವಿಮರ್ಶಕನಂತೂ ಅದು ಬರಿಯ ಕಲ್ಪನೆಯ ನೇಯ್ಗೆ ಎಂಬರ್ಥದಲ್ಲಿ ಬರೆದನು. ಕುದಿಯುವ ನೀರಿನ ಮುಂದೆ ಕುಳಿತು ಮುಳ್ಳಿನ ಹೊರಳಾಟವನ್ನು ಎಣಿಸಿದವನಿಗೆ ಕಲ್ಪನೆಯ ಆರೋಪ! ಓಮ್ 1828ರಲ್ಲಿ ಕೊಲೋನಿನ ಕೆಲಸಕ್ಕೆ ರಾಜೀನಾಮೆ ಕೊಟ್ಟನು. ನೆಲೆಯಿಲ್ಲದೆ ಬರ್ಲಿನ್ನಿನಲ್ಲಿ ವಾರಕ್ಕೆ ಕೆಲವು ಗಂಟೆ ಲೆಕ್ಕದ ಪಾಠ ಹೇಳಿ ಐದಾರು ವರ್ಷ ಸವೆಸಿದನು. 1833ರಲ್ಲಿ ನ್ಯೂರೆಂಬರ್ಗಿನ ತಾಂತ್ರಿಕ ಶಾಲೆಯಲ್ಲಿ ಕೆಲಸ ಸಿಕ್ಕಿತು. ಮದುವೆಯಾಗಲಿಲ್ಲ.

ಮೊದಲ ದೊಡ್ಡ ಗೌರವ ಬಂದದ್ದು ಹೊರದೇಶದಿಂದ. ಲಂಡನ್ನಿನ ರಾಯಲ್ ಸೊಸೈಟಿ 1841ರಲ್ಲಿ ತನ್ನ ಕಾಪ್ಲಿ ಪದಕವನ್ನು ಅವನಿಗಿತ್ತಿತು. ಮನೆಯವರ ಕಣ್ಣು ಆಮೇಲೆ ತೆರೆಯಿತು. ಮ್ಯೂನಿಕ್ ವಿಶ್ವವಿದ್ಯಾನಿಲಯದಲ್ಲಿ ಪ್ರಾಯೋಗಿಕ ಭೌತವಿಜ್ಞಾನದ ಪೀಠ ಕೈಗೆ ಬಂದದ್ದು 1852ರಲ್ಲಿ. ಜೀವ ಹೋದದ್ದು 1854ರ ಜುಲೈ 6ರಂದು. ಬಾಳೆಲ್ಲ ಕಾದ ಪೀಠದಲ್ಲಿ ಎರಡೇ ವರ್ಷ.

ಇದೇ ನಿಯಮವನ್ನು ಓಮ್‌ಗಿಂತ ನಲವತ್ತೈದು ವರ್ಷ ಮೊದಲೇ ಇನ್ನೊಬ್ಬನು ಕಂಡಿದ್ದನೆಂಬುದು ಇಲ್ಲಿ ಹೇಳಲೇಬೇಕಾದ ಉಪಕಥೆ. ಅವನು ಲಂಡನ್ನಿನ ಹೆನ್ರಿ ಕ್ಯಾವೆಂಡಿಷ್. ಅಪಾರ ಐಶ್ವರ್ಯವಂತ, ಮನುಷ್ಯರ ಮುಖ ನೋಡಲೂ ನಾಚುವ ಸ್ವಭಾವ. 1781ರಲ್ಲಿ ಬ್ಯಾಟರಿಯೂ ಇರಲಿಲ್ಲ, ಪ್ರವಾಹವನ್ನು ಅಳೆಯುವ ಉಪಕರಣವೂ ಇರಲಿಲ್ಲ. ಅವನು ತನ್ನ ಶರೀರವನ್ನೇ ಉಪಕರಣ ಮಾಡಿಕೊಂಡನು! ಗಾಜಿನ ಜಾಡಿಗಳಲ್ಲಿ ತುಂಬಿದ ವಿದ್ಯುತ್ತನ್ನು ಉಪ್ಪುನೀರಿನ ಕೊಳವೆಯ ಮೂಲಕ ತನ್ನ ಮೈಗೆ ಹರಿಸಿಕೊಂಡು, ಹೊಡೆತ ಎಷ್ಟು ಬಿರುಸೆಂಬುದರಿಂದ ಪ್ರವಾಹವನ್ನು ಅಂದಾಜು ಮಾಡಿದನು. ಫಲವನ್ನು ಬರೆದಿಟ್ಟನೇ ಹೊರತು ಯಾರಿಗೂ ಹೇಳಲಿಲ್ಲ. ಅವನು 1810ರಲ್ಲಿ ತೀರಿಕೊಂಡನು. ಕಾಗದಗಳನ್ನು ಮ್ಯಾಕ್ಸ್‌ವೆಲ್ ಸಂಪಾದಿಸಿ ಪ್ರಕಟಿಸಿದ್ದು 1879ರಲ್ಲಿ. ಆ ಹಳೆಯ ಪ್ರಯೋಗದ ಸತ್ಯಾಸತ್ಯವನ್ನು ಪರೀಕ್ಷಿಸಲು ಮ್ಯಾಕ್ಸ್‌ವೆಲ್ ತನ್ನ ಪ್ರಯೋಗಶಾಲೆಗೆ ಬಂದವರ ಕೈಗಳಿಗೂ ವಿದ್ಯುತ್ತಿನ ಏಟು ಕೊಡಿಸುತ್ತಿದ್ದನಂತೆ. ಬಂದವರೆಲ್ಲರೂ ಸಂತೋಷಪಟ್ಟಿರಲಾರರು.

ಭಾಗಿಸಿದರೆ ಒಂದು, ಗುಣಿಸಿದರೆ ಇನ್ನೊಂದು

ವಿಜ್ಞಾನಿಗಳು ಒಪ್ಪಲಿ ಬಿಡಲಿ, ತಂತಿ ಕಚೇರಿಯವರು ಓಮನನ್ನು ಒಪ್ಪಲೇಬೇಕಾಯಿತು. ಅಟ್ಲಾಂಟಿಕ್ ಸಾಗರದ ತಳದಲ್ಲಿ 1858ರಲ್ಲಿ ಹಾಸಿದ ತಂತಿಗೆ, ಸುದ್ದಿ ಬೇಗ ಹೋಗಲೆಂದು ಸಾವಿರಾರು ವೋಲ್ಟ್ ಒತ್ತಡ ಹಾಕಿದರು. ಕೆಲವೇ ವಾರಗಳಲ್ಲಿ ಅಷ್ಟು ಹಣ ನುಂಗಿದ ತಂತಿ ಮೂಕವಾಯಿತು. ಊಹೆಯಿಂದ ಕೆಲಸ ಕೆಡುತ್ತದೆ, ಅಳತೆ ಬೇಕು ಎಂಬುದು ಆಗ ಮನದಟ್ಟಾಯಿತು. ಪ್ಯಾರಿಸ್ಸಿನಲ್ಲಿ 1881ರಲ್ಲಿ ಸೇರಿದ ಅಂತರರಾಷ್ಟ್ರೀಯ ಸಮ್ಮೇಳನ ರೋಧದ ಅಳತೆಗೆ ಓಮ್, ಒತ್ತಡದ ಅಳತೆಗೆ ವೋಲ್ಟ್, ಪ್ರವಾಹದ ಅಳತೆಗೆ ಆಂಪಿಯರ್ ಎಂಬ ಹೆಸರುಗಳನ್ನು ಅಂಗೀಕರಿಸಿತು.

ಈ ಮೂರರೊಡನೆ ನಾಲ್ಕನೆಯದಾಗಿ ವ್ಯಾಟ್ ಸೇರಿದರೆ ಮನೆಯ ಲೆಕ್ಕಕ್ಕೆ ಬೇಕಾದದ್ದೆಲ್ಲ ಸಿಕ್ಕಂತೆ. ವೋಲ್ಟನ್ನು ಆಂಪಿಯರಿನಿಂದ ಭಾಗಿಸಿದರೆ ಓಮ್. ವೋಲ್ಟನ್ನು ಆಂಪಿಯರಿನಿಂದ ಗುಣಿಸಿದರೆ ವ್ಯಾಟ್. ಅದೇ ಎರಡು ಅಂಕಿಗಳು. ಭಾಗಿಸಿದಾಗ ಉಪಕರಣ ಎಷ್ಟು ತಡೆಯುತ್ತದೆಂದೂ, ಗುಣಿಸಿದಾಗ ಎಷ್ಟು ರಭಸದಿಂದ ಶಕ್ತಿಯನ್ನು ಬಳಸುತ್ತದೆಂದೂ ಹೇಳುತ್ತವೆ.

ಮೊದಲ ಪ್ಯಾರಾದಲ್ಲಿ ಬಂದ ಗೀಸರನ್ನೇ ತೆಗೆದುಕೊಳ್ಳಬಹುದು. ಅದರ ಮೈಮೇಲೆ 2,000 ವ್ಯಾಟ್, 230 ವೋಲ್ಟ್ ಎಂದು ಬರೆದಿದೆ. 2,000ವನ್ನು 230ರಿಂದ ಭಾಗಿಸಿದರೆ ಸುಮಾರು 8.7 ಆಂಪಿಯರ್. 230ನ್ನು ಈ 8.7ರಿಂದ ಭಾಗಿಸಿದರೆ ಸುಮಾರು ಇಪ್ಪತ್ತಾರೂವರೆ ಓಮ್. ಅಷ್ಟೇ ಲೆಕ್ಕ. ಸಾವಿರ ವ್ಯಾಟಿನ ಇಸ್ತ್ರಿ ಪೆಟ್ಟಿಗೆಗೆ ಇದೇ ಕ್ರಮದಲ್ಲಿ ಸುಮಾರು 4.3 ಆಂಪಿಯರ್, 53 ಓಮ್ ಬರುತ್ತದೆ. ಹಳೆಯ ಕಾಲದ 60 ವ್ಯಾಟಿನ ಬಲ್ಬಿಗೆ ಕಾಲು ಆಂಪಿಯರಿಗಿಂತ ಒಂದಿಷ್ಟು ಹೆಚ್ಚು. ರೋಧವಾದರೋ 880 ಓಮ್! ದೊಡ್ಡ ಉಪಕರಣಕ್ಕೆ ದೊಡ್ಡ ರೋಧವಿರುತ್ತದೆಂದು ಭಾವಿಸಿದವರಿಗೆ ಇದು ಆಶ್ಚರ್ಯ. ನಿಜವೆಂದರೆ ಕಡಿಮೆ ತಡೆಯುವುದೇ ಹೆಚ್ಚು ತಿನ್ನುತ್ತದೆ.

ಈ ಬಲ್ಬಿನ ವಿಷಯದಲ್ಲಿ ಒಂದು ತಮಾಷೆಯುಂಟು. 880 ಓಮ್ ಎಂಬುದು ಬಲ್ಬು ಉರಿಯುತ್ತಿರುವಾಗಿನ ಮಾತು. ಆರಿ ತಣ್ಣಗಾದ ಬಲ್ಬನ್ನು ಅಳೆದರೆ ಅದರ ಹತ್ತರಲ್ಲೊಂದು ಭಾಗವೂ ಇರದು. ಬಿಸಿಯಾದಂತೆ ಒಳಗಿನ ಎಳೆಯ ರೋಧ ಏರುತ್ತದೆ. ಸ್ವಿಚ್ಚು ಹಾಕಿದ ಮೊದಲ ಕ್ಷಣದಲ್ಲಿ ಹತ್ತಾರು ಪಟ್ಟು ಪ್ರವಾಹ ನುಗ್ಗುವುದು ಇದರಿಂದಲೇ. ರಾತ್ರಿಯೆಲ್ಲ ಚೆನ್ನಾಗಿ ಉರಿದ ಬಲ್ಬು ಮರುಸಂಜೆ ಹಾಕಿದೊಡನೆ ‘ಟಕ್’ ಎಂದು ಸಾಯುತ್ತಿದ್ದುದನ್ನು ಹಿರಿಯರೆಲ್ಲ ಕಂಡಿದ್ದಾರೆ. ಇಂದಿನ ಎಲ್‌ಇಡಿ ದೀಪಕ್ಕಾಗಲಿ, ಫ್ಯಾನಿನಂಥ ಮೋಟಾರಿಗಾಗಲಿ ಈ ಸರಳ ಭಾಗಾಹಾರ ನೇರವಾಗಿ ಹೊಂದದು. ಅವುಗಳ ಒಳಗೆ ಬೇರೆ ತೊಡಕುಗಳಿವೆ. ನೀರು ಕಾಯಿಸುವುದು, ಬಟ್ಟೆ ಇಸ್ತ್ರಿ ಮಾಡುವುದು, ರೊಟ್ಟಿ ಸುಡುವುದು, ಹೀಗೆ ಬಿಸಿಯೇ ಉದ್ದೇಶವಾದ ಕಡೆ ಮಾತ್ರ ಲೆಕ್ಕ ಅಚ್ಚುಕಟ್ಟು.

ವೋಲ್ಟೇಜು ಇಳಿದಾಗ ಸ್ನಾನದ ನೀರು ಕಾಯುವುದೇ ಇಲ್ಲವೆಂದು ಗೊಣಗುವವರೂ ಇದೇ ಲೆಕ್ಕ ಹಾಕಬಹುದು. 230 ಇರಬೇಕಾದಲ್ಲಿ 180 ವೋಲ್ಟೇ ಬಂದಿತೆನ್ನಿ. ಗೀಸರಿನ ಇಪ್ಪತ್ತಾರೂವರೆ ಓಮ್ ಹಾಗೆಯೇ ಇದೆ. ಪ್ರವಾಹ 6.8 ಆಂಪಿಯರಿಗೆ ಇಳಿಯಿತು. ಗುಣಿಸಿದರೆ ಸುಮಾರು 1,225 ವ್ಯಾಟ್. ಒತ್ತಡ ಇಳಿದದ್ದು ಕಾಲುಭಾಗಕ್ಕಿಂತ ಕಡಿಮೆ; ಬಿಸಿ ಇಳಿದದ್ದು ಹೆಚ್ಚುಕಡಮೆ ಐದರಲ್ಲಿ ಎರಡು ಪಾಲು. ವೋಲ್ಟ್ ಅರ್ಧವಾದರೆ ಬಿಸಿ ಕಾಲಾಗುತ್ತದೆ. ಇಳಿದ ಒತ್ತಡ ಪ್ರವಾಹವನ್ನೂ ಜೊತೆಗೆಳೆದುಕೊಂಡು ಇಳಿಯುವುದೇ ಇದರ ಗುಟ್ಟು.

ಪ್ರವಾಹ ಇಮ್ಮಡಿಯಾದರೆ ಬಿಸಿ ನಾಲ್ವಡಿಯಾಗುವುದೆಂದು ಪ್ರಯೋಗದಿಂದ ತೋರಿಸಿದವನು ಮ್ಯಾಂಚೆಸ್ಟರ್ ಕಡೆಯ ಜೇಮ್ಸ್ ಜೌಲ್, ಬಿಯರ್ ತಯಾರಿಸುವವರ ಮನೆಯ ಮಗ. ತಂತಿಯ ಸುರುಳಿಗಳನ್ನು ನೀರಿನಲ್ಲಿ ಮುಳುಗಿಸಿ, ಉಷ್ಣಮಾಪಕ ಹಿಡಿದು, ಇಪ್ಪತ್ತೆರಡರ ಪ್ರಾಯದಲ್ಲಿ ಅವನು ಇದನ್ನು ಅಳೆದನು. ಇಂದಿನ ಗೀಸರು ಜೌಲನ ಆ ಪಾತ್ರೆಯ ಮರಿಮಗನೇ ಸರಿ. ಪ್ರವಾಹವನ್ನು ಪ್ರವಾಹದಿಂದಲೇ ಗುಣಿಸಿ, ಮತ್ತೆ ರೋಧದಿಂದ ಗುಣಿಸಿದರೆ ತಂತಿಯಲ್ಲಿ ಹುಟ್ಟುವ ಬಿಸಿಯ ವ್ಯಾಟ್ ಸಿಗುತ್ತದೆ. ಈ ಒಂದು ಗುಣಾಕಾರದ ಮೇಲೆ ಮೈಸೂರು ಸಂಸ್ಥಾನದ ಒಂದು ಮಹಾಸಾಹಸವೇ ನಿಂತಿತ್ತು.

ಶಿವನಸಮುದ್ರದಿಂದ ಚಿನ್ನದ ಗಣಿಗೆ

ಕೋಲಾರದ ಚಿನ್ನದ ಗಣಿಗಳಿಗೆ ಯಂತ್ರಶಕ್ತಿ ಬೇಕಾಗಿತ್ತು. ಶಿವನಸಮುದ್ರದಲ್ಲಿ ಕಾವೇರಿ ಧುಮುಕುತ್ತಿದ್ದಳು. ನಡುವೆ 92 ಮೈಲಿ, ಎಂದರೆ ಸುಮಾರು 148 ಕಿಲೋಮೀಟರ್. ದಿವಾನ್ ಶೇಷಾದ್ರಿ ಅಯ್ಯರ್ ಅವರ ಆಡಳಿತದಲ್ಲಿ, ಎಂಜಿನಿಯರ್ ಡಿ ಲಾಟ್‌ಬಿನಿಯರ್ ಅವರ ಯೋಜನೆಯಂತೆ ಕೆಲಸ ಆರಂಭವಾಯಿತು. ಅಷ್ಟು ದೂರಕ್ಕೆ ವಿದ್ಯುತ್ತನ್ನು ಒಯ್ಯುವುದೆಂದರೆ ಆ ಕಾಲಕ್ಕೆ ಜಗತ್ತೇ ಬೆರಗಾಗಿ ನೋಡುವ ಮಾತು.

ತೊಡಕು ಯಾವುದು? ಒಂದು ಸರಳ ಉದಾಹರಣೆಯಿಂದ ತಿಳಿಯಬಹುದು. ಗಣಿಗೆ 30 ಲಕ್ಷ ವ್ಯಾಟ್ ಬೇಕೆಂದೂ, ಹೋಗಿಬರುವ ತಂತಿಯ ಒಟ್ಟು ರೋಧ 20 ಓಮ್ ಎಂದೂ ಊಹಿಸಿಕೊಳ್ಳಿ. 3,000 ವೋಲ್ಟಿನಲ್ಲಿ ಕಳುಹಿಸುವುದಾದರೆ ಸಾವಿರ ಆಂಪಿಯರ್ ಹರಿಯಬೇಕು. ಸಾವಿರವನ್ನು ಸಾವಿರದಿಂದ ಗುಣಿಸಿ ಇಪ್ಪತ್ತರಿಂದ ಗುಣಿಸಿದರೆ ಎರಡು ಕೋಟಿ ವ್ಯಾಟ್ ದಾರಿಯಲ್ಲೇ ಬಿಸಿಯಾಗಿ ಹೋಗಬೇಕು! ಮೂವತ್ತು ಲಕ್ಷ ತಲಪಿಸಲು ಎರಡು ಕೋಟಿ ಚೆಲ್ಲುವುದೆಂದರೆ ಕೆಲಸ ಅಸಾಧ್ಯವೆಂದೇ ಅರ್ಥ. ಅದೇ 30 ಲಕ್ಷವನ್ನು 30,000 ವೋಲ್ಟಿನಲ್ಲಿ ಕಳುಹಿಸಿದರೆ ನೂರೇ ಆಂಪಿಯರ್ ಸಾಕು. ನೂರನ್ನು ನೂರರಿಂದ, ಮತ್ತೆ ಇಪ್ಪತ್ತರಿಂದ ಗುಣಿಸಿದರೆ ಎರಡು ಲಕ್ಷ. ಹದಿನೈದರಲ್ಲಿ ಒಂದು ಪಾಲು ನಷ್ಟ, ಸಹಿಸಬಹುದು. ಒತ್ತಡವನ್ನು ಹತ್ತು ಪಟ್ಟು ಏರಿಸಿದ್ದರಿಂದ ಪೋಲು ನೂರರಲ್ಲಿ ಒಂದು ಪಾಲಿಗೆ ಇಳಿಯಿತು. ನಿಜವಾದ ಏರ್ಪಾಟಿನಲ್ಲಿ ಮೂರು ತಂತಿಗಳ ಪರ್ಯಾಯ ಪ್ರವಾಹದ ಲೆಕ್ಕ ಇದಕ್ಕಿಂತ ಜಟಿಲ, ತತ್ತ್ವ ಇದೇ.

ಹೀಗಾಗಿ ಶಿವನಸಮುದ್ರದ ತಂತಿಗೆ ಮೂವತ್ತರಿಂದ ಮೂವತ್ತೈದು ಸಾವಿರ ವೋಲ್ಟಿನಷ್ಟು ಒತ್ತಡವನ್ನು ಆರಿಸಿದರು. ಕಾಡುಮೇಡಿನ ದಾರಿಯಲ್ಲಿ ಯಂತ್ರಗಳನ್ನು ಎಳೆಯಲು ಎತ್ತುಗಳೂ ಆನೆಗಳೂ ಬೇಕಾದವು. 1902ರ ಜೂನ್ 30ರಂದು ಕಾವೇರಿಯ ಬಲ ಗಣಿಗೆ ತಲಪಿತು. ಶೇಷಾದ್ರಿ ಅಯ್ಯರ್ ಅದನ್ನು ಕಾಣಲಿಲ್ಲ; 1901ರ ಸೆಪ್ಟೆಂಬರಿನಲ್ಲಿಯೇ ಅವರು ಕಾಲವಾಗಿದ್ದರು. ಮೂರು ವರ್ಷಗಳ ತರುವಾಯ, 1905ರ ಆಗಸ್ಟ್ 5ರಂದು, ಬೆಂಗಳೂರಿನ ಬೀದಿಯಲ್ಲಿ ವಿದ್ಯುದ್ದೀಪ ಬೆಳಗಿತು. ಬೆಳಕು ಮೊದಲು ಚಿನ್ನಕ್ಕೆ, ಆಮೇಲೆ ಜನಕ್ಕೆ ಎಂದು ಯಾರಾದರೂ ಕೊಂಕು ನುಡಿದರೆ ತಪ್ಪೆನ್ನಲಾಗದು. ಆದರೆ ಆ ಗಣಿಯ ಬೇಡಿಕೆ ಇಲ್ಲದಿದ್ದರೆ ಅಷ್ಟು ದೊಡ್ಡ ತಂತಿಯನ್ನು ಎಳೆಯುವ ಧೈರ್ಯ ಅಂದು ಯಾರಿಗೂ ಬರುತ್ತಿರಲಿಲ್ಲ. ಕೋಲಾರದ ಗಣಿಗಳು 2001ರಲ್ಲಿ ಮುಚ್ಚಿದವು. ನದಿ ಧುಮುಕುತ್ತಲೇ ಇದೆ.

ಮೈಯೂ ಒಂದು ತಂತಿ

ಕ್ಯಾವೆಂಡಿಷ್ ತನ್ನ ಮೈಯನ್ನು ಅಳತೆಗೋಲು ಮಾಡಿಕೊಂಡದ್ದು ಕೇಳಲು ಸ್ವಾರಸ್ಯ, ಅನುಕರಿಸಲು ಅಲ್ಲ. ಒಣ ಚರ್ಮದ ಮನುಷ್ಯನ ರೋಧ ಹತ್ತಾರು ಸಾವಿರ ಓಮ್, ಕೆಲವೊಮ್ಮೆ ಲಕ್ಷ ಓಮ್ ಕೂಡ ಇದ್ದೀತು. 230ನ್ನು ಲಕ್ಷದಿಂದ ಭಾಗಿಸಿದರೆ ಒಂದು ಆಂಪಿಯರಿನ ಸಾವಿರ ಭಾಗಗಳಲ್ಲಿ ಎರಡು ಮೂರು. ‘ಜುಂ’ ಎಂದು ಕೈ ಸೆಳೆದುಕೊಳ್ಳುವಷ್ಟು. ಸ್ನಾನ ಮಾಡಿದ ಒದ್ದೆ ಮೈಯೋ, ಸಾವಿರ ಓಮಿನ ಆಸುಪಾಸಿಗೆ ಇಳಿಯುತ್ತದೆ. ಆಗ ಅದೇ 230 ವೋಲ್ಟು ಸಾವಿರದಲ್ಲಿ 230 ಭಾಗ ಪ್ರವಾಹವನ್ನು ಎದೆಯ ಮೂಲಕ ಹರಿಸಬಲ್ಲದು. ಹೃದಯದ ಬಡಿತ ಕಂಗೆಡಲು ಅದರ ಒಂದಂಶವೇ ಸಾಕು. ವೋಲ್ಟ್ ಬದಲಾಗಲಿಲ್ಲ; ಬದಲಾದದ್ದು ಭಾಜಕ. ಒದ್ದೆ ಕೈಯಲ್ಲಿ ಸ್ವಿಚ್ಚು ಮುಟ್ಟಬೇಡವೆಂದು ಅಜ್ಜಿಯಂದಿರು ಗದರುವುದರ ಹಿಂದೆ ಓಮನ ನಿಯಮವೇ ಇದೆ. ಈಗಿನ ಮನೆಗಳಲ್ಲಿ ಹಾಕಿಸುವ ಸೋರಿಕೆ ತಡೆಯುವ ಸ್ವಿಚ್ಚು ಸಾಮಾನ್ಯವಾಗಿ ಸಾವಿರದಲ್ಲಿ 30 ಭಾಗ ಸೋರಿದೊಡನೆ ಕಡಿದುಕೊಳ್ಳುತ್ತದೆ. ಮಾಮೂಲು ಫ್ಯೂಸಿಗೆ ಆ ಸೋರಿಕೆಯ ಸುಳಿವೂ ಹತ್ತದು; ಐದು ಆಂಪಿಯರ್ ಮೀರುವವರೆಗೂ ಸುಮ್ಮನೆ ಕುಳಿತಿರುವ ಐದು ಆಂಪಿಯರಿನ ಫ್ಯೂಸಿಗೆ ಕಾಲು ಆಂಪಿಯರ್ ಯಾವ ಲೆಕ್ಕ?

ಮೊದಲಿನ ಮನೆಗೆ ಮರಳಬಹುದು. ಅಷ್ಟು ಹೊತ್ತಿಗೆ ಎಲೆಕ್ಟ್ರಿಷಿಯನ್ ಬಂದು, ಮೈನ್ ಸ್ವಿಚ್ಚನ್ನು ಆರಿಸಿ, ಗೋಡೆಯ ಪೆಟ್ಟಿಗೆಯನ್ನು ಬಿಚ್ಚಿದ್ದಾನೆ. ಒಳಗೆ ಹಿತ್ತಾಳೆಯ ಸ್ಕ್ರೂ ಒಂದು ಸಡಿಲವಾಗಿದೆ. ಅದರಡಿಯ ತಾಮ್ರದ ತುದಿ ಕಪ್ಪಿಟ್ಟಿದೆ. ಸಾಲದೆಂಬಂತೆ ಅದು ಆರು ಆಂಪಿಯರಿನ ಸಣ್ಣ ಸಾಕೆಟ್ಟು; ದೀಪಕ್ಕೂ ರೇಡಿಯೋಕ್ಕೂ ಇಟ್ಟದ್ದು. ಗೀಸರು ತಂದ ದಿನ ಹತ್ತಿರದಲ್ಲಿ ಬೇರೆ ಇಲ್ಲದ್ದರಿಂದ, ದೊಡ್ಡ ಪ್ಲಗ್ಗನ್ನು ಸಣ್ಣದಕ್ಕೆ ಒಗ್ಗಿಸುವ ಒಂದು ತುಂಡನ್ನು ಸಿಕ್ಕಿಸಿ ಅಲ್ಲಿಗೇ ಜೋಡಿಸಿದ್ದರು.

ಮಗಳು ಕ್ಯಾಲೆಂಡರಿನ ಹಳೆಯ ಹಾಳೆಯ ಬೆನ್ನಮೇಲೆ ಬರೆಯುತ್ತಾಳೆ. ಸಡಿಲ ಜಾಗದ ರೋಧ ಅರ್ಧ ಓಮ್ ಎಂದಿರಲಿ. ಗೀಸರಿನ ಇಪ್ಪತ್ತಾರೂವರೆಗೆ ಅದನ್ನು ಕೂಡಿಸಿದರೆ ಇಪ್ಪತ್ತೇಳು. 230ನ್ನು 27ರಿಂದ ಭಾಗಿಸಿದರೆ ಸುಮಾರು 8.5 ಆಂಪಿಯರ್. ಮೊದಲು 8.7 ಇತ್ತು.

“ಅಪ್ಪ, ಕರೆಂಟು ಜಾಸ್ತಿ ಆಗಿಲ್ಲ. ಕಡಿಮೆಯಾಗಿದೆ!”

ಕಡಿಮೆಯಾದ್ದರಿಂದಲೇ ಸಾಕೆಟ್ಟಿನ ಹಿಂದಿನ ಹದಿನಾರು ಆಂಪಿಯರಿನ ಕಟ್ಟೌಟು ಮಿಸುಕಲಿಲ್ಲ. ಆದರೆ 8.5ನ್ನು 8.5ರಿಂದ ಗುಣಿಸಿ ಅರ್ಧ ಮಾಡಿದರೆ 36 ವ್ಯಾಟ್. ರೇಡಿಯೋ ರಿಪೇರಿಯವರು ಸೀಸ ಕರಗಿಸುವ ಬೆಸುಗೆ ಕಡ್ಡಿಗೆ 25 ವ್ಯಾಟ್ ಸಾಕಾಗುತ್ತದೆ. ಅದಕ್ಕಿಂತ ಹೆಚ್ಚಿನ ಕಾವು, ಹೆಸರುಕಾಳಿನಷ್ಟು ಜಾಗದಲ್ಲಿ, ಮುಚ್ಚಿದ ಪೆಟ್ಟಿಗೆಯೊಳಗೆ, ದಿನವೂ ಅರ್ಧ ಗಂಟೆ. ಕಾದು ಹಿಗ್ಗಿ, ಆರಿ ಕುಗ್ಗಿ, ಸ್ಕ್ರೂ ಇನ್ನಷ್ಟು ಸಡಿಲ. ತುಕ್ಕು ಹಿಡಿದ ತಾಮ್ರದ ರೋಧ ಇನ್ನಷ್ಟು ಹೆಚ್ಚು. ಒಂದು ದಿನ ಪಕ್ಕದ ಪರದೆಗೋ ಒಣಹಾಕಿದ ಬಟ್ಟೆಗೋ ಕಿಡಿ ತಗುಲಿದ್ದರೆ ಫ್ಯೂಸು ಕೊನೆಯವರೆಗೂ ನೋಡುತ್ತಲೇ ಇರುತ್ತಿತ್ತು. ಫ್ಯೂಸಿನ ಕಾವಲು ಪ್ರವಾಹ ಮಿತಿಮೀರಿದಾಗ ಮಾತ್ರ. ಸಡಿಲ ಜೋಡಣೆಯ ಕಾವಲು ಮನೆಯವರ ಮೂಗು ಮತ್ತು ಕೈ: ಪ್ಲಗ್ಗು ಬಿಸಿಯಾಗಿದೆಯೇ, ಬಣ್ಣ ಕಂದಿದೆಯೇ, ಮೀನು ಸುಟ್ಟಂಥ ನಾತ ಬರುತ್ತಿದೆಯೇ ಎಂದು ನೋಡಿಕೊಳ್ಳುವುದು. ಹೋದ ಫ್ಯೂಸಿಗೆ ಕೈಗೆ ಸಿಕ್ಕಿದ ದಪ್ಪ ತಂತಿ ಸುತ್ತಿ ‘ಇನ್ನು ಹೋಗುವುದಿಲ್ಲ’ ಎಂದು ಹಿಗ್ಗುವ ಯಜಮಾನರ ಮನೆಯಲ್ಲಂತೂ ಆ ಒಂದು ಕಾವಲೂ ಇಲ್ಲ.

ಎಲೆಕ್ಟ್ರಿಷಿಯನ್ ಹಳೆಯ ಸಾಕೆಟ್ಟನ್ನು ತೆಗೆದು, ಮೀಟರಿನ ಬಳಿಯಿಂದ ದಪ್ಪ ತಂತಿ ಎಳೆದು, ಹದಿನಾರು ಆಂಪಿಯರಿನ ದೊಡ್ಡದನ್ನು ಕೂರಿಸುತ್ತಾನೆ. ಸ್ಕ್ರೂವನ್ನು ಬಿಗಿದು ತಂತಿಯನ್ನು ಒಮ್ಮೆ ಎಳೆದು ನೋಡುತ್ತಾನೆ. ಅಜ್ಜಿಗೆ ಬೇಕಾದದ್ದು ಬೇರೆ.

“ಅರ್ಧ ಗಂಟೆಗೆ ಎಷ್ಟು ಕರೆಂಟು ತಿನ್ನುತ್ತದಮ್ಮ ಇದು?”

“ಎರಡು ಸಾವಿರ ವ್ಯಾಟು ಅರ್ಧ ಗಂಟೆ ಅಂದರೆ ಸಾವಿರ ವ್ಯಾಟು ಒಂದು ಗಂಟೆ ಇದ್ದ ಹಾಗೆ, ಅಜ್ಜಿ. ಒಂದು ಯೂನಿಟ್ಟು.”

ಅಜ್ಜಿ ತಿಂಗಳಿಗೆ ಮೂವತ್ತೆಂದು ಬೆರಳಲ್ಲಿ ಎಣಿಸಿಕೊಂಡು, ಬಿಡಿಸಿದ ಹೂವಿನ ಬುಟ್ಟಿಯನ್ನು ದೇವರ ಮನೆಯಲ್ಲಿಟ್ಟು, ಆರಿದ ನೀರಿನಲ್ಲಿಯೇ ಸ್ನಾನಕ್ಕೆ ಹೊರಡುತ್ತಾರೆ.